ಕನಸಿನ ನೆನಪನ್ನು ಅಳೆಯುವ ಬಗೆ

ಎಲ್ಲರಿಗೂ ನಮಸ್ಕಾರ. ವಾರಕ್ಕೆ ಎಷ್ಟು ಸಲ ಕನಸು ನೆನಪಿರುತ್ತದೆ ಎಂದು ಯಾರನ್ನಾದರೂ ಕೇಳಿ, ಉತ್ತರ ಸಿಕ್ಕೇ ಸಿಗುತ್ತದೆ. ಆದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎನ್ನುವುದು ನಾವು ಹೇಗೆ ಕೇಳಿದೆವು ಎಂಬುದರ ಮೇಲೆ ನಿಂತಿದೆ.

ಪ್ರಯೋಗಾಲಯದಲ್ಲೇ ಇದು ಕಾಣುತ್ತದೆ. 1953ರಲ್ಲಿ ಶಿಕಾಗೋದ ನಿದ್ರಾ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ರೆಯಿಂದ, ಅಂದರೆ ರೆಮ್ ನಿದ್ರೆಯಿಂದ, 27 ಸಲ ಎಬ್ಬಿಸಿದಾಗ 20 ಸಲ ವಿವರವಾದ ಕನಸು ಸಿಕ್ಕಿತು. ಉಳಿದ ಹೊತ್ತಿನ ನಿದ್ರೆಯಲ್ಲಿ ಕನಸು ತೀರಾ ಅಪರೂಪ ಎಂದೇ ಆಗ ತೋರಿತ್ತು. 1962ರಲ್ಲಿ ಡೇವಿಡ್ ಫೌಲ್ಕ್ಸ್ ‘ಮನಸ್ಸಿನಲ್ಲಿ ಏನಾದರೂ ಓಡುತ್ತಿತ್ತೇ?’ ಎಂದೂ ಕೇಳಿದರು. ಆಗ ರೆಮ್ ಅಲ್ಲದ ನಿದ್ರೆಯಿಂದಲೂ ವರದಿಗಳು ಧಾರಾಳವಾಗಿ ಬಂದವು.

ಮನೆಯಲ್ಲಿ ಮಲಗುವವರಿಗೆ ಪ್ರಶ್ನಾವಳಿಯೇ ಗತಿ. ಜರ್ಮನಿಯ ಮ್ಯಾನ್‌ಹೈಮ್‌ನ ಕನಸಿನ ಸಂಶೋಧಕ ಮೈಕೆಲ್ ಶ್ರೆಡ್ಲ್ ಬಳಸುವ ಅಳತೆಯಲ್ಲಿ ಏಳು ಮೆಟ್ಟಿಲುಗಳಿವೆ. 0 ಎಂದರೆ ಎಂದೂ ಇಲ್ಲ; 1 ಎಂದರೆ ತಿಂಗಳಿಗೆ ಒಮ್ಮೆಗಿಂತ ಕಡಿಮೆ; 2 ಎಂದರೆ ತಿಂಗಳಿಗೊಮ್ಮೆ; 3 ಎಂದರೆ ತಿಂಗಳಿಗೆ ಎರಡು-ಮೂರು ಸಲ; 4 ಎಂದರೆ ವಾರಕ್ಕೊಮ್ಮೆ; 5 ಎಂದರೆ ವಾರದಲ್ಲಿ ಹಲವು ಸಲ; 6 ಎಂದರೆ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ. ಇಲ್ಲಿ ಹೊಸಬರು ಎಡವುವುದು ಸರಾಸರಿ ತೆಗೆಯುವಾಗ. ಒಬ್ಬರು 0, ಇನ್ನೊಬ್ಬರು 6 ಎಂದರೆ ಸರಾಸರಿ 3, ಅಂದರೆ ತಿಂಗಳಿಗೆ ಎರಡು-ಮೂರು ಸಲ. ಇದು ಶುದ್ಧ ತಪ್ಪು, ಏಕೆಂದರೆ ಮೆಟ್ಟಿಲುಗಳ ಎತ್ತರ ಸಮನಾಗಿಲ್ಲ. ಮೊದಲು 0ರಿಂದ 6ರ ಈ ಸಂಕೇತಗಳನ್ನು ವಾರಕ್ಕೆ ಎಷ್ಟು ಬೆಳಗು ಎಂಬ ಲೆಕ್ಕಕ್ಕೆ ತಿರುಗಿಸಬೇಕು: ಕ್ರಮವಾಗಿ 0, 0.125, 0.25, 0.625, 1, 3.5, 6.5. ಆಗ ಅದೇ ಇಬ್ಬರ ಸರಾಸರಿ ವಾರಕ್ಕೆ 3.25 ಬೆಳಗು.

ಇನ್ನು ದಿನಚರಿ, ಅಂದರೆ ದಿನಾ ಬೆಳಿಗ್ಗೆ ಗುರುತು ಹಾಕುವ ಹಾಳೆ. ಹಾಸಿಗೆ ಪಕ್ಕದಲ್ಲಿ ಎರಡು ವಾರದ ಹಾಳೆ, ಒಂದು ಪೆನ್ನು ಇದ್ದರೆ ಸಾಕು. ದಿನಕ್ಕೆ ಮೂರೇ ಆಯ್ಕೆ: ಕನಸು ನೆನಪಿದೆ; ಕನಸು ಬಿದ್ದದ್ದು ಗೊತ್ತು, ಆದರೆ ಏನೆಂದು ನೆನಪಿಲ್ಲ; ಏನೂ ಇಲ್ಲ. ನಡುವಿನ ಕಲಂ ಬಿಟ್ಟರೆ ಆ ಬೆಳಗುಗಳು ಒಬ್ಬರ ಹಾಳೆಯಲ್ಲಿ ‘ಇದೆ’ಗೂ ಇನ್ನೊಬ್ಬರದರಲ್ಲಿ ‘ಇಲ್ಲ’ಕ್ಕೂ ಸೇರಿ ಹೋಲಿಕೆಯೇ ಕೆಡುತ್ತದೆ. ಕನಸಿನ ಕಥೆ ಬರೆಸಲೇಬೇಡಿ ಎನ್ನುವುದು ನನ್ನ ಖಚಿತ ಸಲಹೆ. ಬರೆಯುವ ಶ್ರಮಕ್ಕೆ ಬೇಸತ್ತವರು ಮೂರ್ನಾಲ್ಕು ದಿನ ಕಳೆದ ಮೇಲೆ ಸುಮ್ಮನೆ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ.

ಗುರುತು ಹಾಕುವುದು ಎದ್ದು ಕೂರುವ ಮೊದಲೇ, ಮೊಬೈಲ್ ಮುಟ್ಟುವ ಮೊದಲೇ ಆಗಬೇಕು. ಎದ್ದೊಡನೆ ಬೇರೆ ಕೆಲಸಕ್ಕೆ ಗಮನ ಹೋದರೆ ನೆನಪು ಜಾರುತ್ತದೆ. 1973ರಲ್ಲಿ ಕೋಹೆನ್ ಮತ್ತು ವುಲ್ಫ್ ನಡೆಸಿದ ಪ್ರಯೋಗದಲ್ಲಿ, ಎದ್ದ ತಕ್ಷಣ ಫೋನ್ ಮಾಡಿ ಹವಾಮಾನ ವರದಿ ಕೇಳಿದವರಿಗೆ ಕನಸಿನ ವಿವರ ಕಡಿಮೆ ನೆನಪಿತ್ತು. ಹಾಗಾಗಿ ಅಲಾರಾಂ ಇಟ್ಟಿದ್ದರೇ, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದಕ್ಕೂ ಹಾಳೆಯಲ್ಲಿ ಜಾಗವಿರಲಿ. ಫ್ರಾನ್ಸಿನ ಲಿಯೋನ್‌ನಲ್ಲಿ ಪೆರಿನ್ ರೂಬಿ ತಂಡ ನಡೆಸಿದ ಅಧ್ಯಯನದಲ್ಲಿ, ಹೆಚ್ಚು ಕನಸು ನೆನಪಿಡುವವರು ರಾತ್ರಿ ನಡುನಡುವೆ ಹೆಚ್ಚು ಹೊತ್ತು ಎಚ್ಚರವಿದ್ದದ್ದು ಕಂಡುಬಂತು.

ದಿನಚರಿಗೂ ಒಂದು ದೋಷವಿದೆ: ಅಳತೆಯೇ ಅಳೆಯುವುದನ್ನು ಬದಲಿಸುತ್ತದೆ. ಕನಸು ವಿರಳವಾಗಿ ನೆನಪಿರುವವರಿಗೆ ಹಾಳೆ ಸಿಕ್ಕ ಮೇಲೆ ಹೆಚ್ಚು ನೆನಪಿರತೊಡಗುತ್ತದೆ. ಅದಕ್ಕೇ ಪ್ರಶ್ನಾವಳಿಯನ್ನು ಮೊದಲು ಕೊಡಿ, ದಿನಚರಿಯನ್ನು ಆಮೇಲೆ.

ತುಂಬದ ದಿನಗಳನ್ನು ಸೊನ್ನೆ ಎಂದು ಎಣಿಸಬೇಡಿ. 14ರಲ್ಲಿ 11 ಬೆಳಗು ತುಂಬಿ, 4ರಲ್ಲಿ ನೆನಪಿದ್ದರೆ, 4ನ್ನು 11ರಿಂದ ಭಾಗಿಸಿ 7ರಿಂದ ಗುಣಿಸಿ: ವಾರಕ್ಕೆ ಸುಮಾರು 2.5. ಭಾಗಾಕಾರ 14ರಿಂದ ಮಾಡಿದರೆ 2 ಬರುತ್ತದೆ, ಹಾಳೆ ತುಂಬಲು ಮರೆತದ್ದೂ ಕನಸು ಮರೆತ ಲೆಕ್ಕಕ್ಕೇ ಸೇರುತ್ತದೆ.