ತಪ್ಪು ಪಡುಬಿದ್ರಿಯಲ್ಲಿ, ದೂರು ಕಟಪಾಡಿಯಲ್ಲಿ

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳ ಒಂದು ರಾತ್ರಿ ಉಡುಪಿಯಿಂದ ಅಕ್ಕನ ಮಗಳ ಫೋನ್ ಬಂತು. ಹಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವಳ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ.

"ಮಾವ, ಲ್ಯಾಬಲ್ಲಿ ಸರಿಯಾಗಿ ರನ್ ಆದ ಪ್ರೋಗ್ರಾಂ ಮನೆಯಲ್ಲಿ ಎರರ್ ಕೊಡ್ತಾ ಉಂಟು. ನಾನು ಒಂದಕ್ಷರ ಬದಲಿಸ್ಲಿಲ್ಲ. ಲ್ಯಾಪ್‌ಟಾಪ್ ಹಾಳಾ ಎಂತ?"

ಲ್ಯಾಪ್‌ಟಾಪ್ ಹೊಸತು. ತೆಗೆದು ತಿಂಗಳೂ ಆಗಿರಲಿಲ್ಲ. ಹಿಂದಿನಿಂದ ಅಕ್ಕ, "ಅಂಗಡಿಗೆ ವಾಪಸ್ ಕೊಡ್ಲಿಕ್ಕೆ ಆಗ್ತದಾ ಕೇಳು" ಎನ್ನುವುದೂ ಕೇಳಿಸಿತು.

ನಾನು ಮಂಗಳೂರಿನಲ್ಲಿ ಸಿ ಪ್ರೋಗ್ರಾಮಿಂಗ್ ಪಾಠ ಮಾಡುವವನು. ಇಂಥ ಫೋನ್ ಬಂದರೆ ಪ್ರೋಗ್ರಾಂ ಓದಿ ಹೇಳು ಎನ್ನುವುದಿಲ್ಲ. "ಮಾರಾಯ್ತಿ, ಜಿಸಿಸಿ ಎಷ್ಟನೇ ವರ್ಶನ್?" ಎಂದು ಕೇಳಿದೆ. ಅದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಕಪ್ಪು ಕಿಟಕಿ ತೆರೆದು, ಜಿಸಿಸಿ ಎಂದು ಟೈಪ್ ಮಾಡಿ, ಒಂದು ಸ್ಪೇಸ್, ಎರಡು ಗೆರೆ, ವರ್ಶನ್ ಎಂದು ಬರೆಯಲು ಹೇಳಿದೆ. ಮನೆಯದ್ದು 14. ಮರುದಿನ ಕಾಲೇಜಿನ ಲ್ಯಾಬಿನಲ್ಲಿ ನೋಡಿದಳು. ಅಲ್ಲಿ 4.8.

ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಇನ್ನೊಂದು ಪ್ರೋಗ್ರಾಂ. ಜಿಸಿಸಿ ಅಂಥದ್ದೊಂದು ಕಂಪೈಲರ್. 1987ರಲ್ಲಿ ಹೊರಬಂದದ್ದು ಇಂದಿಗೂ ಪ್ರತಿ ವರ್ಷ ಹೊಸದಾಗುತ್ತ ಇದೆ. 4.8 ಬಂದದ್ದು 2013ರಲ್ಲಿ, 14 ಬಂದದ್ದು 2024ರಲ್ಲಿ. ಹೆಸರು ಒಂದೇ. ಆದರೆ ನಡುವೆ ಹನ್ನೊಂದು ವರ್ಷ ಕಳೆದಿದೆ.

ಅವಳ ಪ್ರೋಗ್ರಾಂ ಕರೆಂಟ್ ಬಿಲ್ಲಿನ ಲೆಕ್ಕ. ಎಲ್ಲ ಲ್ಯಾಬಿನಲ್ಲೂ ಇರುವುದೇ. ಯೂನಿಟ್ ಎಷ್ಟೆಂದು ಕೊಟ್ಟರೆ ಬಿಲ್ ಎಂಬ ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದೇ ಹೆಸರಿಟ್ಟ ಪ್ರೋಗ್ರಾಮಿನ ತುಂಡು, ರೂಪಾಯಿ ಲೆಕ್ಕ ಹಾಕಿ ಕೊಡುತ್ತದೆ. ಪ್ರೋಗ್ರಾಂ ಶುರುವಾಗುವ ಮೇನ್ ಭಾಗವನ್ನು ಅವಳು ಮೇಲೆ ಬರೆದಿದ್ದಳು. ಬಿಲ್ ಫಂಕ್ಷನ್ ಕೆಳಗಿತ್ತು. ಅಂದರೆ ಕಂಪೈಲರ್ ಮೇಲಿನಿಂದ ಓದುತ್ತ ಬರುವಾಗ "ಬಿಲ್ಲನ್ನು ಕರೆ" ಎನ್ನುವ ಸಾಲು ಮೊದಲು ಸಿಗುತ್ತದೆ. ಬಿಲ್ ಯಾರು, ಏನು ಎಂದು ಅದಕ್ಕೆ ಆಗ ಗೊತ್ತಿಲ್ಲ.

ಇಲ್ಲಿ ಲ್ಯಾಬಿನ 4.8 ತುಟಿ ಪಿಟಕ್ಕೆನ್ನಲಿಲ್ಲ. 2015ರ 5ನೇ ವರ್ಶನ್ ಆಗಿದ್ದರೆ ವಾರ್ನಿಂಗ್ ಕೊಡುತ್ತಿತ್ತು, ಆದರೂ ಕೆಲಸ ಮುಗಿಸುತ್ತಿತ್ತು. 14 ಮಾತ್ರ ಎರರ್ ಎಂದು ಹೇಳಿ ನಿಂತುಬಿಟ್ಟಿತು. "ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್ ಬಿಲ್." ಅಂದರೆ, ಬಿಲ್ಲಿನ ಪರಿಚಯ ಹೇಳದೆಯೇ ಅವನನ್ನು ಕರೆದಿದ್ದೀರಿ ಎಂದು. ಒಂದೇ ಪ್ರೋಗ್ರಾಂ. ಒಂದು ವರ್ಶನ್ ಸುಮ್ಮನಿರುತ್ತದೆ, ಒಂದು ಗೊಣಗುತ್ತದೆ, ಒಂದು ಬಾಗಿಲು ಹಾಕುತ್ತದೆ.

ಯಾಕೆ ಹೀಗೆ? ಹಳೆಯ ಸಿ ಭಾಷೆಯಲ್ಲಿ ಒಂದು ಸಲುಗೆ ಇತ್ತು. ಪರಿಚಯ ಇಲ್ಲದ ಫಂಕ್ಷನ್ ಎದುರಾದರೆ, ಇದು ಪೂರ್ಣಾಂಕವನ್ನೇ ಕೊಡುವ ಫಂಕ್ಷನ್ ಇರಬೇಕು ಎಂದು ಕಂಪೈಲರ್ ಊಹಿಸಿಕೊಳ್ಳಬಹುದಿತ್ತು. 1999ರ ಸಿ ಮಾನಕದಲ್ಲಿ ಈ ಸಲುಗೆ ಹೋಯಿತು. ಆದರೆ ಜಿಸಿಸಿ ಅದನ್ನು ಎರರ್ ಎಂದು ನಿಲ್ಲಿಸಿದ್ದು 2024ರಲ್ಲಿ. ಲೆಕ್ಕ ಹಾಕಿ, 25 ವರ್ಷ! ಆ ನಿಯಮ ಹೋದಾಗ ನನ್ನ ಸೊಸೆ ಹುಟ್ಟಿಯೇ ಇರಲಿಲ್ಲ. ಇಷ್ಟು ತಡ ಮಾಡಿದ್ದು ಸೋಮಾರಿತನದಿಂದ ಅಲ್ಲ. ಹಳೆಯ ಪ್ರೋಗ್ರಾಂಗಳು ಲೆಕ್ಕವಿಲ್ಲದಷ್ಟು ಇದ್ದವು, ಒಂದು ದಿನ ಬೆಳಗ್ಗೆ ಅವೆಲ್ಲ ಒಟ್ಟಿಗೆ ನಿಂತರೆ ಬಯ್ಗುಳ ತಿನ್ನುವವರು ಕಂಪೈಲರ್ ಮಾಡುವವರೇ ಅಲ್ವಾ?

ಆ ಊಹೆ ಕೆಲವು ಸಲ ನಿಜಕ್ಕೂ ಅಪಾಯ. ಬಿಲ್ ಫಂಕ್ಷನ್ ಬೇರೆ ಫೈಲಿನಲ್ಲಿದೆ, ಪೈಸೆ ಸಮೇತ ದಶಮಾಂಶದ ಉತ್ತರ ಕೊಡುತ್ತದೆ ಎಂದುಕೊಳ್ಳಿ. ಈಗಿನ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ದಶಮಾಂಶದ ಉತ್ತರ ಇಡುವ ಜಾಗ ಬೇರೆ, ಪೂರ್ಣಾಂಕದ ಜಾಗ ಬೇರೆ. ಬಿಲ್ ತನ್ನ ಉತ್ತರವನ್ನು ಒಂದು ಗೂಡಿನಲ್ಲಿ ಇಟ್ಟು ಹೋಗುತ್ತದೆ. ಕರೆದವನು ಪಕ್ಕದ ಗೂಡಿಗೆ ಕೈ ಹಾಕುತ್ತಾನೆ. ಅಲ್ಲಿ ಏನು ಬಿದ್ದಿತ್ತೋ ಅದೇ ಕರೆಂಟ್ ಬಿಲ್! ಎರರೂ ಇಲ್ಲ, ಏನೂ ಇಲ್ಲ.

ಅಷ್ಟರಲ್ಲಿ ಹಾಸ್ಟೆಲಿನ ಗೆಳತಿಯೊಬ್ಬಳು ಉಪಾಯ ಕೊಟ್ಟಿದ್ದಳಂತೆ. "ಜಿಸಿಸಿ ಜೊತೆ ಎಫ್ ಪರ್ಮಿಸಿವ್ ಅಂತ ಹಾಕು, ಎರರ್ ಹೋಗ್ತದೆ." ಸುಳ್ಳಲ್ಲ, ಹಾಗೆ ಹಾಕಿದರೆ 14 ಕೂಡ ವಾರ್ನಿಂಗ್ ಕೊಟ್ಟು ಬಿಟ್ಟುಬಿಡುತ್ತದೆ. ಲಕ್ಷಗಟ್ಟಲೆ ಸಾಲಿನ ಹಳೆಯ ಪ್ರೋಗ್ರಾಮನ್ನು ಹೇಗಾದರೂ ಓಡಿಸಬೇಕಾದವರಿಗೆ ಅದು ಬೇಕು. ಮೂವತ್ತು ಸಾಲಿನ ಲ್ಯಾಬ್ ಪ್ರೋಗ್ರಾಂಗೆ ಅದೆಂತಕ್ಕೆ? ಮೇಲೆ ಒಂದು ಸಾಲು ಬರೆದರೆ ಮುಗಿಯಿತು: ಇಂಟ್ ಬಿಲ್, ಬ್ರಾಕೆಟ್‌ನಲ್ಲಿ ಇಂಟ್, ಸೆಮಿಕೋಲನ್. ಬಿಲ್ ಎಂಬುವನೊಬ್ಬ ಮುಂದೆ ಬರಲಿದ್ದಾನೆ ಎಂಬ ಪರಿಚಯ, ಅಷ್ಟೇ. ಬರೆದಳು. ಓಡಿತು. ಲ್ಯಾಪ್‌ಟಾಪ್ ಅಂಗಡಿಗೆ ಹೋಗಲಿಲ್ಲ.

ಈಗ ಸೆಮಿಕೋಲನ್ ವಿಷಯಕ್ಕೆ ಬರುತ್ತೇನೆ. ಕದ್ರಿಯ ಈ ಸ್ಟುಡಿಯೋದಲ್ಲಿ ನನಗೆ ಬೋರ್ಡೂ ಇಲ್ಲ, ಚಾಕ್‌ಪೀಸೂ ಇಲ್ಲ. ಹಾಗಾಗಿ ಬಸ್ಸಿನ ಲೆಕ್ಕದಲ್ಲೇ ಹೇಳುತ್ತೇನೆ.

ಮಂಗಳೂರಿನಲ್ಲಿ ಉಡುಪಿ ಬಸ್ ಹತ್ತಿದ್ದೀರಿ. ಹೋಗಬೇಕಾದದ್ದು ಕಾರ್ಕಳಕ್ಕೆ, ಪಡುಬಿದ್ರಿಯಲ್ಲಿ ಇಳಿಯಬೇಕು. ಸುರತ್ಕಲ್ ದಾಟುವಾಗ ಕಣ್ಣು ಹತ್ತಿತು. ಎಚ್ಚರ ಆದದ್ದು ಕಟಪಾಡಿಯಲ್ಲಿ. ತಪ್ಪು ಆದದ್ದು ಎಲ್ಲಿ? ಪಡುಬಿದ್ರಿಯಲ್ಲಿ. ಗೊತ್ತಾದದ್ದು? ಕಟಪಾಡಿಯಲ್ಲಿ. ಹಳೆಯ ಹಲವು ಕಂಪೈಲರ್‌ಗಳು "ಕಟಪಾಡಿಯಲ್ಲಿ ತಪ್ಪಿದೆ" ಎನ್ನುತ್ತಿದ್ದವು.

ಏಳನೇ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟಿದ್ದೀರಿ, ಎಂಟನೇ ಸಾಲು ರಿಟರ್ನ್ ಸೊನ್ನೆ. ಸಿ ಭಾಷೆಯಲ್ಲಿ ವಾಕ್ಯಕ್ಕೆ ಪೂರ್ಣವಿರಾಮ ಎಂದರೆ ಸೆಮಿಕೋಲನ್. ಸಾಲು ಮುಗಿದರೆ ವಾಕ್ಯ ಮುಗಿದಂತಲ್ಲ, ಮುಂದಿನ ಸಾಲಿಗೂ ಹರಿಯಬಹುದು. ಹಾಗಾಗಿ ಕಂಪೈಲರ್ ಮುಂದಕ್ಕೆ ಓದುತ್ತದೆ. ರಿಟರ್ನ್ ಸಿಕ್ಕಿದಾಗಲೇ ಅದಕ್ಕೆ ಎಚ್ಚರ. 4.8 ಎಂಟನೇ ಸಾಲನ್ನೇ ತೋರಿಸುತ್ತದೆ. ಆ ಸಾಲಿನಲ್ಲಿ ಯಾವ ತಪ್ಪೂ ಇಲ್ಲ! ನಾನು ಕಲಿತ ಟರ್ಬೋ ಸಿ ಕೂಡ ಹೀಗೆಯೇ ಇತ್ತು. ನೀಲಿ ಪರದೆ, ಕೆಳಗೆ "ಸ್ಟೇಟ್‌ಮೆಂಟ್ ಮಿಸ್ಸಿಂಗ್ ಸೆಮಿಕೋಲನ್". ಅದು ತೋರಿಸಿದ ಸಾಲಿನಲ್ಲಿ ಸೆಮಿಕೋಲನ್ ಕಣ್ಣೆದುರೇ ಕೂತಿರುತ್ತಿತ್ತು. ಕನ್ನಡಕ ಒರೆಸಿ ಒರೆಸಿ ನೋಡಿದ್ದೇನೆ.

2018ರ ಜಿಸಿಸಿ 8ರಲ್ಲಿ ಇದು ಬದಲಾಯಿತು. ಅದು ಏಳನೇ ಸಾಲಿನ ತುದಿಗೇ ಕೈ ತೋರಿಸುತ್ತದೆ. ಸಣ್ಣ ಟೋಪಿಯಂಥ ಗುರುತು ಹಾಕಿ, ಅದರ ಕೆಳಗೆ ಸೆಮಿಕೋಲನ್ನನ್ನೂ ತಾನೇ ಬರೆದು, "ಇಲ್ಲಿ ಇದನ್ನು ಇಡಿ" ಎನ್ನುವ ಹಾಗೆ. ಟೋಪಿ ಗುರುತಿಗೆ ಕ್ಯಾರೆಟ್ ಎನ್ನುತ್ತಾರೆ. ತರಕಾರಿ ಅಲ್ಲ. ಜಿಸಿಸಿಯಲ್ಲಿ ಅದು ಬಂದದ್ದೇ 4.8ರಲ್ಲಿ, ಬಣ್ಣ ಬಂದದ್ದು ಮುಂದಿನ ವರ್ಷ, 4.9ರಲ್ಲಿ. ಅದಕ್ಕೂ ಮೊದಲು ಬರೀ ಸಾಲಿನ ನಂಬರು ಮತ್ತು ಒಂದು ವಾಕ್ಯ.

ಈ ಸುಧಾರಣೆಗೆ ಒಂದು ಕಾರಣ ಪೈಪೋಟಿ ಎಂದು ನನ್ನ ಅಂದಾಜು. 2007ರಲ್ಲಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಎಲ್ಲರಿಗೂ ಮುಕ್ತವಾಯಿತು. ಮೊದಲಿನಿಂದಲೂ ಅದರ ಹೆಗ್ಗಳಿಕೆ ಅಚ್ಚುಕಟ್ಟಾದ ಎರರ್ ಸಂದೇಶ. ಒಂದೇ ರೂಟಿನಲ್ಲಿ ಎರಡನೇ ಬಸ್ ಬಿಟ್ಟರೆ ಮೊದಲನೆಯದರ ಕಂಡಕ್ಟರ್ ಕೂಡ ನಗಲು ಕಲಿಯುತ್ತಾನೆ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪೈಥಾನ್ ಭಾಷೆಯಲ್ಲೂ ಇದೇ ಕಥೆ. ಬಂಗುಡೆ, ಬೂತಾಯಿ, ಅಂಜಲ್ ಎಂದು ಮೀನಿನ ರೇಟು ಪಟ್ಟಿ ಮಾಡಿ, ಕೊನೆಗೆ ಹೂ ಬ್ರಾಕೆಟ್ ಮುಚ್ಚಲು ಮರೆತರೆ ಪೈಥಾನಿನ 3.9 ವರ್ಶನ್ ಮುಂದಿನ ಸಾಲನ್ನು ತೋರಿಸಿ "ಇನ್‌ವ್ಯಾಲಿಡ್ ಸಿಂಟ್ಯಾಕ್ಸ್" ಎಂದು ಕೈತೊಳೆದುಕೊಳ್ಳುತ್ತಿತ್ತು. 2021ರ 3.10 ಮಾತ್ರ ಆ ಬ್ರಾಕೆಟನ್ನೇ ತೋರಿಸಿ, "ಇದನ್ನು ಮುಚ್ಚಲೇ ಇಲ್ಲ" ಎನ್ನುತ್ತದೆ.

ಸಂದೇಶ ಎಷ್ಟು ಸುಧಾರಿಸಿದರೂ ನಮ್ಮ ಲ್ಯಾಬಿನಲ್ಲಿ ಅದು ಬರುವುದು ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಒಮ್ಮೆ "ಎಕ್ಸ್‌ಪೆಕ್ಟೆಡ್ ಸೆಮಿಕೋಲನ್" ಎಂಬುದನ್ನು ಓದಿ ಸೆಮಿಕೋಲನ್ ಅಳಿಸುತ್ತ ಕೂತಿದ್ದ. ಯಾಕಪ್ಪಾ ಎಂದರೆ, "ಸರ್, ಸೆಮಿಕೋಲನ್ ಎರರ್ ಅಂತ ಬಂದಿದೆ, ಅದು ಜಾಸ್ತಿಯಾಗಿರಬೇಕು ಅಂದ್ಕೊಂಡೆ" ಎಂದ. ತಪ್ಪು ಅವನದ್ದಲ್ಲ. ಅಂದಿನಿಂದ ಲ್ಯಾಬಿನಲ್ಲಿ ಎರರನ್ನು ಕನ್ನಡದಲ್ಲಿ ಜೋರಾಗಿ ಓದಿಸುತ್ತೇನೆ. "ರಿಟರ್ನ್‌ಗೆ ಮುಂಚೆ ಒಂದು ಸೆಮಿಕೋಲನ್ ಇರಬೇಕಿತ್ತು." ಮುಂಚೆ ಎಂಬ ಮಾತು ಬಾಯಿಗೆ ಬಂದ ಕೂಡಲೇ ಮಕ್ಕಳ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಗುತ್ತದೆ. ಹಳೆಯ ವರ್ಶನ್ ಇದ್ದರೂ ಆಗ ತೊಂದರೆ ಇಲ್ಲ. ಇನ್ನೊಂದು, ಮೂವತ್ತು ಎರರ್ ಬಂದರೆ ಮೊದಲನೆಯದನ್ನು ಮಾತ್ರ ನೋಡಿ ಎನ್ನುತ್ತೇನೆ. ಉಳಿದವು ಬಹುಪಾಲು ಅದರ ಬಾಲ.

ನವೆಂಬರಿನಲ್ಲಿ ಸೊಸೆಯ ಲ್ಯಾಬ್ ಪರೀಕ್ಷೆ ಆಯಿತು. ಅವಳಿಗೆ ಬಂದದ್ದೂ ಫಂಕ್ಷನ್ ಪ್ರೋಗ್ರಾಮೇ. ಪರಿಚಯದ ಸಾಲು ಮೇಲೆ ಬರೆದಳು, ಅದೇ 4.8ರಲ್ಲಿ ಚೆನ್ನಾಗಿ ಓಡಿತು. ಸಂಜೆ ಫೋನ್ ಮಾಡಿದಾಗ ಮಾತ್ರ ಸ್ವಲ್ಪ ಬೇಜಾರಿನಲ್ಲಿದ್ದಳು.

"ಮಾವ, ಪಕ್ಕದ ಹುಡುಗ ಆ ಸಾಲು ಬರೆಯಲೇ ಇಲ್ಲ. ಅವನದ್ದೂ ರನ್ ಆಯ್ತು. ಹಾಗಾದ್ರೆ ನಾನು ಬರೆದದ್ದು ದಂಡವಾ?"

"ಅವನ ಮನೆಯಲ್ಲಿ ಯಾವ ವರ್ಶನ್ ಉಂಟು ಕೇಳಿ ನೋಡು" ಎಂದೆ.

ಎರಡು ದಿನ ಬಿಟ್ಟು ಗುರುತಿಲ್ಲದ ನಂಬರಿನಿಂದ ಒಂದು ಫೋನ್. "ಸರ್, ಲ್ಯಾಬಲ್ಲಿ ಸರಿ ಇದ್ದದ್ದು ಮನೆಯಲ್ಲಿ..." ಎಂದು ಹುಡುಗನ ದನಿ.

ನಮಸ್ಕಾರ.