ಆಕ್ಸೊಲಾಟಲ್ ಟ್ಯಾಂಕಿಗೆ ಹಬ್ಬದ ತೊಳೆತ ಬೇಡ

ಎಲ್ಲರಿಗೂ ನಮಸ್ಕಾರ.

ಟ್ಯಾಂಕ್ ಇಟ್ಟವರು ನಾಲ್ಕು ಜನ ಸೇರಿದರೆ ಮಾತು ಫಿಲ್ಟರಿನಿಂದ ಶುರುವಾಗಿ ಔಷಧಿ ಬಾಟಲಿಗೆ ಬಂದು ನಿಲ್ಲುತ್ತದೆ. ಇವತ್ತು ನಾನು ಔಷಧಿ ಕಡೆ ಹೋಗುವುದಿಲ್ಲ. ಆಕ್ಸೊಲಾಟಲ್ ಅಂದರೆ ನೀರಲ್ಲೇ ಬಾಳುವ, ಕಿವಿರು ಹೊರಗೆ ಕಾಣುವ ಸಲಮಾಂಡರ್ ಜಾತಿಯ ಪ್ರಾಣಿ. ಆಕ್ಸೊಲಾಟಲ್ ಊಟ ಬಿಟ್ಟಿದೆ, ಕಿವಿರಿನ ಮೇಲೆ ಬಿಳಿ ಬೂಷ್ಟು ಕೂತಿದೆ, ಬಾಲದ ತುದಿ ಸುತ್ತಿಕೊಂಡಿದೆ ಅಂತ ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು, ನೀರು ಟೆಸ್ಟ್ ಮಾಡಿದ್ರಾ ಅಂತ. 'ನೀರು ತಿಳಿಯಾಗೇ ಇದೆ ಸಾರ್' ಅನ್ನುವ ಉತ್ತರ ಬರುತ್ತದೆ. ಅಮೋನಿಯಾಗೆ ಬಣ್ಣ ಇಲ್ಲ. ನೈಟ್ರೈಟಿಗೂ ಇಲ್ಲ. ತಿಳಿಯಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಸೋಮಾರಿಗಳ ಟ್ಯಾಂಕಿಗಿಂತ ತಿಕ್ಕಿ ತಿಕ್ಕಿ ತೊಳೆಯುವವರ ಟ್ಯಾಂಕಿನಲ್ಲೇ ತೊಂದರೆ ಜಾಸ್ತಿ. ಯುಗಾದಿಗೆ ಮನೆ ತೊಳೆಯುವ ಹಾಗೆ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ಹೊಸ ನೀರು ತುಂಬಿಸುತ್ತಾರೆ. ಎರಡು ದಿನಕ್ಕೆ ಪ್ರಾಣಿ ಮಂಕಾಗುತ್ತದೆ. 'ಅಷ್ಟು ಕ್ಲೀನ್ ಮಾಡಿದ್ದೆ, ಆದರೂ ಹೀಗಾಯ್ತು' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕ್ಲೀನ್ ಮಾಡಿದ್ದರಿಂದಲೇ ಹೀಗಾಯಿತು.

ಅದು ಹೇಗೆ ಅಂತ ಹೇಳುವ ಮೊದಲು ಪ್ರಾಣಿಯ ಊರಿನ ಬಗ್ಗೆ ಸ್ವಲ್ಪ. ಆಕ್ಸೊಲಾಟಲ್ ಮೆಕ್ಸಿಕೋ ನಗರದ ಪಕ್ಕದ ಕೆರೆಗಳದ್ದು. ಚಾಲ್ಕೊ ಕೆರೆಯನ್ನು ಬತ್ತಿಸಿಬಿಟ್ಟರು. ಸೊಚಿಮಿಲ್ಕೊದಲ್ಲಿ ಈಗ ಉಳಿದಿರುವುದು ಕಾಲುವೆಗಳು, ಅವುಗಳ ನಡುವೆ ಚಿನಾಂಪ ಅನ್ನುವ ತೋಟದ ಮಡಿಗಳು. ಆ ಜಾಗ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಹಿಂದೆ ಅಲ್ಲಿಗೆ ಬುಗ್ಗೆಗಳ ತಣ್ಣನೆ ನೀರು ಬರುತ್ತಿತ್ತು. 20ನೇ ಶತಮಾನದ ಶುರುವಿನಲ್ಲಿ ಆ ಬುಗ್ಗೆಗಳ ನೀರನ್ನು ನಗರಕ್ಕೆ ಒಯ್ದರು. ಈಗ ಕಾಲುವೆಗೆ ಬರುವುದು ಹೆಚ್ಚಾಗಿ ಸಂಸ್ಕರಿಸಿದ ಕೊಳಚೆ ನೀರು. ಅದರ ಮೇಲೆ ತಿಲಾಪಿಯಾ ಮತ್ತು ಕಾರ್ಪ್ ಮೀನುಗಳನ್ನೂ ಬಿಟ್ಟರು. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ 6,000 ಇದ್ದ ಆಕ್ಸೊಲಾಟಲ್ 2014ರಲ್ಲಿ 36ಕ್ಕೆ ಇಳಿದಿತ್ತು. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಂಬ್ರಾನೊ ಮತ್ತು ಜೊತೆಗಾರರು ಈಗ ರೈತರ ಜೊತೆ ಸೇರಿ ಸಣ್ಣ ಕಾಲುವೆಗಳ ಬಾಯಿಗೆ ಫಿಲ್ಟರ್ ಕಟ್ಟಿ, ಒಳಗೆ ಒಳ್ಳೆ ನೀರು ಉಳಿಸಿ, ಹೊರಗಿನ ಮೀನು ಬಾರದ ಹಾಗೆ ಮಾಡುತ್ತಿದ್ದಾರೆ. ಅಂದರೆ ಅಲ್ಲೂ ಕೆಲಸ ನೀರಿನದೇ.

ನಮ್ಮ ಮನೆಗಳಲ್ಲಿರುವವು ಕಾಲುವೆಯಿಂದ ಹಿಡಿದವಲ್ಲ. 1864ರಲ್ಲಿ ಪ್ಯಾರಿಸಿಗೆ 34 ಆಕ್ಸೊಲಾಟಲ್ ಹೋದವು. ಪ್ರಯೋಗಾಲಯಗಳಲ್ಲಿ, ಅಂಗಡಿಗಳಲ್ಲಿ ಇರುವವುಗಳ ವಂಶ ಬಹುಪಾಲು ಅಲ್ಲಿಗೇ ಹೋಗುತ್ತದೆ. ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದಿದೆ, ಆದರೂ ಅದಕ್ಕೆ ಬೇಕಾದದ್ದು ಆ ಬೆಟ್ಟದ ಮೇಲಿನ ತಣ್ಣನೆ ನೀರೇ. ಇದು ಮೀನಲ್ಲ, ಕಪ್ಪೆಗಳ ಬಳಗದ್ದು. ಮೈಮೇಲೆ ಹುರುಪೆ ಇಲ್ಲ. ಕಿವಿರಿನಿಂದ ಉಸಿರಾಡುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ, ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ನೀರಲ್ಲಿ ಕರಗಿದ್ದು ಬರಿಯ ಚರ್ಮದ ಮೂಲಕ ಸಲೀಸಾಗಿ ಒಳಗೆ ಹೋಗುತ್ತದೆ.

ಈಗ ಟ್ಯಾಂಕಿಗೆ ಬರೋಣ. ಪ್ರಾಣಿ ತಿನ್ನುವುದು ಬರೀ ಮಾಂಸ. ಅದರ ಕಸ ನೀರಲ್ಲಿ ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಪ್ರಾಣಿ ತಡೆದುಕೊಳ್ಳುತ್ತದೆ. ನಮ್ಮ ಗುರಿ ಇಷ್ಟು: ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಅಂದರೆ ಲೀಟರಿಗೆ 20 ಮಿಲಿಗ್ರಾಂ) ಒಳಗೆ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 7ರಿಂದ 8ರ ನಡುವೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲಾಡುವುದು ಕಡಿಮೆ. ಸ್ಪಾಂಜಿನ ತೂತುಗಳಲ್ಲಿ, ಮರಳಿನಲ್ಲಿ, ಗಾಜಿನ ಲೋಳೆಯಲ್ಲಿ ಅಂಟಿಕೊಂಡಿರುತ್ತವೆ. ನಿಮ್ಮ ಕಣ್ಣಿಗೆ ಗಲೀಜಾಗಿ ಕಾಣುವ ಆ ಕಂದು ಸ್ಪಾಂಜೇ ಟ್ಯಾಂಕಿನ ಜೀವ. ಅದನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಮಾರನೇ ದಿನದಿಂದ ಅಮೋನಿಯಾ ಏರುತ್ತದೆ.

ಹಾಗಾದರೆ ಸ್ಪಾಂಜ್ ತೊಳೆಯುವುದು ಹೇಗೆ? ವಾರದ ನೀರು ತೆಗೆಯುವಾಗ ಆ ಹಳೇ ನೀರನ್ನು ಒಂದು ಬಕೆಟ್ಟಿನಲ್ಲಿ ಇಟ್ಟುಕೊಳ್ಳಿ. ಸ್ಪಾಂಜನ್ನು ಅದರಲ್ಲಿ ಮುಳುಗಿಸಿ ಎರಡು ಮೂರು ಸಲ ಹಿಂಡಿ. ಬಕೆಟ್ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬೆಳ್ಳಗಾಗುವವರೆಗೂ ಹಿಂಡಬೇಡಿ. ಗಾಳಿ ಗುಳ್ಳೆ ಸರಾಗವಾಗಿ ಬಂದರೆ ಸಾಕು. ಎರಡು ಸ್ಪಾಂಜ್ ಇದ್ದರೆ ಒಂದು ಸಲಕ್ಕೆ ಒಂದೇ. ಆ ಬಕೆಟ್ ನೀರು ಗುಲಾಬಿ ಗಿಡಕ್ಕೆ ಬಹಳ ಒಳ್ಳೆಯದು, ಚೆಲ್ಲಬೇಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಇದೆ. ತಿಂಗಳುಗಟ್ಟಲೆ ನೀರು ಬದಲಿಸದೆ, ಬರೀ ಆವಿಯಾದಷ್ಟು ತುಂಬಿಸುತ್ತಾ ಬಂದ ಟ್ಯಾಂಕು. ಪ್ರಾಣಿ ಆರಾಮಾಗೇ ಇರುತ್ತದೆ. ಒಂದು ದಿನ ಹಬ್ಬ ಅಂತಲೋ, ನೆಂಟರು ಬರುತ್ತಾರೆ ಅಂತಲೋ ಮುಕ್ಕಾಲು ನೀರು ತೆಗೆದು ಹೊಸದು ಹಾಕುತ್ತಾರೆ. ಸಂಜೆಗೆ ಪ್ರಾಣಿ ಒದ್ದಾಡುತ್ತದೆ. ಏನಾಯಿತು?

ಆ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ನೀರಿನ ಕ್ಷಾರವನ್ನು, ಅಂದರೆ ಕೆಎಚ್ ಅಂತ ನಾವು ಅಳೆಯುವುದನ್ನು, ತಿನ್ನುತ್ತಾ ಹೋಗುತ್ತವೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ನೈಟ್ರೋಜನ್ನನ್ನು ನೈಟ್ರೇಟ್ ಮಾಡಲು ಸುಮಾರು ಏಳು ಮಿಲಿಗ್ರಾಂ ಕ್ಷಾರ ಬೇಕು. ಹೊಸ ನೀರು ಬರದಿದ್ದರೆ ಕ್ಷಾರ ಖಾಲಿ. ಆಮೇಲೆ ಪಿಎಚ್ ಜಾರುತ್ತದೆ, 7, 6.5, 6. ಪಿಎಚ್ 6ರ ಹತ್ತಿರ ಬ್ಯಾಕ್ಟೀರಿಯಾಗಳೂ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತವೆ. ಅಮೋನಿಯಾ ಸೇರುತ್ತಾ ಹೋಗುತ್ತದೆ. ಆದರೂ ಪ್ರಾಣಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಹುಳಿ ನೀರಲ್ಲಿ ಅಮೋನಿಯಾ ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಇರುತ್ತದೆ. ಅದು ಅಷ್ಟು ಅಪಾಯ ಅಲ್ಲ. ನೀವು ಪಿಎಚ್ 8 ಇರುವ ಬೋರ್‌ವೆಲ್ ನೀರು ಸುರಿದಿರಿ. ಅಮೋನಿಯಂ ವಿಷದ ಅಮೋನಿಯಾ ಆಗಿ ತಿರುಗುತ್ತದೆ. 20 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ 0.4. ಪಿಎಚ್ 8 ಆದರೆ 3.8. ಪಿಎಚ್ 6ರಿಂದ 8ಕ್ಕೆ ಹಾರಿದರೆ ಸುಮಾರು ನೂರು ಪಟ್ಟು. ಮುಕ್ಕಾಲು ನೀರು ತೆಗೆದರೂ ಉಳಿದ ಕಾಲು ಭಾಗದಲ್ಲಿರುವ ಅಮೋನಿಯಾ ಸಾಕು, ಕಿವಿರು ಸುಡಲು.

ಅಂಥ ಟ್ಯಾಂಕ್ ಯಾರ ಮನೆಯಲ್ಲಾದರೂ ಇದ್ದರೆ ಗಾಬರಿ ಬೇಡ, ಅವಸರವೂ ಬೇಡ. ಮೊದಲು ಪಿಎಚ್ ಮತ್ತು ಅಮೋನಿಯಾ ನೋಡಿ. ದಿನಕ್ಕೆ ನೂರಕ್ಕೆ ಹತ್ತರಷ್ಟೇ ನೀರು ಬದಲಿಸಿ. ಪಿಎಚ್ ಮೆಲ್ಲಗೆ ಮೇಲೆ ಬರಲಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು, ತಪ್ಪದೆ. ಅಷ್ಟೇ.

ಹೊಸದಾಗಿ ಇಡುವವರಿಗೆ ಒಂದು ಮಾತು. ಟ್ಯಾಂಕ್ ಮತ್ತು ಪ್ರಾಣಿ ಒಂದೇ ದಿನ ಮನೆಗೆ ಬರಬಾರದು. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಎಂಟು ವಾರ ಬೇಕು. ಖಾಲಿ ಟ್ಯಾಂಕಿಗೆ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ ತನ್ನಿ. 24 ಗಂಟೆಯೊಳಗೆ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಆಗುವ ಹಂತಕ್ಕೆ ಬಂದ ಮೇಲೆ ಪ್ರಾಣಿ ತನ್ನಿ. ಗೆಳೆಯರ ಹಳೇ ಟ್ಯಾಂಕಿನಿಂದ ಒಂದು ತುಂಡು ಸ್ಪಾಂಜ್ ಸಿಕ್ಕರೆ ಬೇಗ ಆಗುತ್ತದೆ. ಒಂದಕ್ಕೆ 75 ಲೀಟರಿಗಿಂತ ಚಿಕ್ಕ ಟ್ಯಾಂಕ್ ಬೇಡ. ಕಾನೂನು ಕೂಡ ಗಮನದಲ್ಲಿರಲಿ. ಆಕ್ಸೊಲಾಟಲ್ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಹಾಗಾಗಿ 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು.

ಟೆಸ್ಟ್ ಕಿಟ್ ದ್ರವದ್ದೇ ತೆಗೆದುಕೊಳ್ಳಿ. ಕಾಗದದ ಪಟ್ಟಿ ಅಗ್ಗ, ಆದರೆ ನಂಬಿಕೆ ಸಾಲದು. ಅಮೋನಿಯಾ ಟೆಸ್ಟಿನಲ್ಲಿ ಹಳದಿ ಬಂದರೆ ಸೊನ್ನೆ, ಹಸಿರು ಛಾಯೆ ಬಂದರೆ ಇದೆ ಅಂತ. ಹಗಲು ಬೆಳಕಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ನೈಟ್ರೇಟ್ ಟೆಸ್ಟಿನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಅದರೊಳಗಿನ ಪುಡಿ ತಳದಲ್ಲಿ ಕೂತಿರುತ್ತದೆ. ಕುಲುಕದೆ ಹಾಕಿದರೆ ನೈಟ್ರೇಟ್ ಇಲ್ಲವೇ ಇಲ್ಲ ಅಂತ ಸುಳ್ಳು ಲೆಕ್ಕ ಬರುತ್ತದೆ. 'ನನ್ನ ಟ್ಯಾಂಕಿನಲ್ಲಿ ನೈಟ್ರೇಟೇ ಬರಲ್ಲ' ಅಂತ ಹೆಮ್ಮೆಯಿಂದ ಹೇಳುವವರಿಗೆ ನಾನು ಕೇಳುವುದು ಇದನ್ನೇ, ಬಾಟಲಿ ಕುಲುಕಿದ್ರಾ?

ಬೆಂಗಳೂರಿನಲ್ಲಿ ನಮ್ಮ ಕಷ್ಟ ಬೇರೆ ಥರದ್ದು. ನಲ್ಲಿಯಲ್ಲಿ ಬರುವುದು ಯಾವ ನೀರು ಅಂತಲೇ ಗೊತ್ತಿರುವುದಿಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಸೇರಿ ಬರುತ್ತದೆ. ಸಂಪಿನಲ್ಲಿ ಅದಕ್ಕೆ ಬೋರ್‌ವೆಲ್ ನೀರು ಸೇರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ಹೋದ ವಾರದ ನೀರು ಈ ವಾರ ಇಲ್ಲ. ಅದಕ್ಕೇ ನೀರು ಬದಲಿಸುವ ಮೊದಲು ಸಂಪಿನ ನೀರನ್ನೂ ಟೆಸ್ಟ್ ಮಾಡಬೇಕು. ಆಂಟಿ ಕ್ಲೋರಿನ್ ಪ್ರತಿ ಸಲವೂ ಹಾಕಿ. ಅದು ಕ್ಲೋರಿನ್ ತೆಗೆಯುತ್ತದೆ, ಇನ್ನೇನನ್ನೂ ಸರಿಮಾಡುವುದಿಲ್ಲ.

ಬೋರ್‌ವೆಲ್ ನೀರು ಗಡಸು ಅಂತ ಹೆದರುವವರು ಬಹಳ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಇಷ್ಟ. ಬೋರ್‌ವೆಲ್ಲಿನಲ್ಲಿ ನೋಡಬೇಕಾದದ್ದು ನೈಟ್ರೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಂದರೆ ನಾವು ಕುಡಿಯಬಹುದಾದ ನೀರೇ ನಮ್ಮ ಟ್ಯಾಂಕಿನ ಗುರಿಯ ಎರಡು ಪಟ್ಟು ಮೀರಿರಬಹುದು. ಟ್ಯಾಂಕಿನಲ್ಲಿ ನೈಟ್ರೇಟ್ 40 ಇದೆ ಅಂದುಕೊಳ್ಳಿ. ನೈಟ್ರೇಟ್ ಇಲ್ಲದ ನೀರಿನಿಂದ ಕಾಲು ಭಾಗ ಬದಲಿಸಿದರೆ 30ಕ್ಕೆ ಇಳಿಯುತ್ತದೆ. ಹೊಸ ನೀರಲ್ಲೇ 20 ಇದ್ದರೆ 35ಕ್ಕೆ ಮಾತ್ರ. ಎಷ್ಟು ನೀರು ಹೊತ್ತರೂ ಇಳಿಯುತ್ತಿಲ್ಲ ಅನ್ನುವವರ ಸಮಸ್ಯೆ ಇದು. ಅಂಥವರು ಒಂದಿಷ್ಟು ಆರ್‌ಓ ನೀರು ಬೆರೆಸಬಹುದು. ಬರೀ ಆರ್‌ಓ ನೀರು ಮಾತ್ರ ಬೇಡ, ಅದರಲ್ಲಿ ಕ್ಷಾರವೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಬೇಡ. ಅದು ಕ್ಯಾಲ್ಸಿಯಂ ಕಿತ್ತುಕೊಂಡು ಸೋಡಿಯಂ ಕೊಟ್ಟಿರುತ್ತದೆ. ಒಂದು ಮನಿ ಪ್ಲಾಂಟ್ ಬಳ್ಳಿಯ ಬೇರು ನೀರಲ್ಲಿ, ಎಲೆ ಹೊರಗೆ ಇರುವ ಹಾಗೆ ಇಟ್ಟರೆ ನೈಟ್ರೇಟ್ ಎಳೆದುಕೊಳ್ಳುತ್ತದೆ. ಖರ್ಚಿಲ್ಲ, ಚೆಂದವಾಗಿಯೂ ಇರುತ್ತದೆ.

ಇನ್ನು ಬಿಸಿ. ಆಕ್ಸೊಲಾಟಲ್‌ಗೆ ಬೇಕಾದದ್ದು 16ರಿಂದ 18 ಡಿಗ್ರಿ. 20ರವರೆಗೆ ಪರವಾಗಿಲ್ಲ. 24 ದಾಟಿದರೆ ಕಷ್ಟಕ್ಕೆ ಬಿತ್ತು ಅಂತಲೇ ಲೆಕ್ಕ. ನೀರು ಬಿಸಿಯಾದಾಗ ಮೂರು ಕೆಟ್ಟದ್ದು ಒಟ್ಟಿಗೆ ಬರುತ್ತವೆ. 15 ಡಿಗ್ರಿಯಲ್ಲಿ ಲೀಟರಿಗೆ 10 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಹಿಡಿಯುತ್ತದೆ. ಪ್ರಾಣಿಗೆ ಅದೇ ಹೊತ್ತಲ್ಲಿ ಆಮ್ಲಜನಕ ಜಾಸ್ತಿ ಬೇಕು. ಅಮೋನಿಯಾದ ವಿಷದ ಪಾಲೂ ಏರುತ್ತದೆ, ಪಿಎಚ್ 8ರಲ್ಲಿ 20 ಡಿಗ್ರಿಗೆ 3.8 ಇದ್ದದ್ದು 25 ಡಿಗ್ರಿಗೆ 5.4. ಮಾರ್ಚ್‌ನಲ್ಲಿ ಸರಿಯಿದ್ದ ಟ್ಯಾಂಕು ಏಪ್ರಿಲ್‌ನಲ್ಲಿ ಕೈಕೊಡುವುದು ಹೀಗೆ.

ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣ ಗಾಳಿಯ ಊರಲ್ಲಿ ಅದು ನಡೆಯುತ್ತದೆ, ಮಂಗಳೂರಿನ ಸೆಕೆಯಲ್ಲಿ ಆವಿಯೇ ಸರಿಯಾಗಿ ಆಗುವುದಿಲ್ಲ. ಐಸ್ ಬಾಟಲಿ ಹಾಕುವವರಿದ್ದಾರೆ. ಬೆಳಿಗ್ಗೆ 18, ಮಧ್ಯಾಹ್ನ 25, ಮತ್ತೆ ಐಸ್ ಹಾಕಿ 19. ಈ ಏರಿಳಿತ ಪ್ರಾಣಿಗೆ ಒಳ್ಳೆಯದಲ್ಲ. ತುರ್ತಿಗೆ ಸರಿ, ಬೇಸಿಗೆ ಪೂರ್ತಿ ಅಲ್ಲ. ನನ್ನ ಅಭಿಪ್ರಾಯ ಇಷ್ಟು: ಚಿಲ್ಲರ್ (ಟ್ಯಾಂಕಿನ ನೀರು ತಣ್ಣಗಿಡುವ ಯಂತ್ರ) ಅಥವಾ ಹಗಲೂ ರಾತ್ರಿ ಎಸಿ ಇಡಲು ಆಗದವರು ನಮ್ಮ ಕಡೆ ಆಕ್ಸೊಲಾಟಲ್ ಸಾಕಬಾರದು. ಕೆಲವರಿಗೆ ಕೋಪ ಬರಬಹುದು, ಬರಲಿ. ಅದೇ ದುಡ್ಡಿಗೆ ಬೆಚ್ಚಗಿನ ನೀರಿನ ಒಳ್ಳೊಳ್ಳೆ ಮೀನು ಎಷ್ಟೋ ಇವೆ. ಚಿಲ್ಲರ್ ಇದ್ದವರು ಬ್ಯಾಟರಿ ಏರ್ ಪಂಪ್ ಒಂದನ್ನೂ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಸ್ಪಾಂಜಿನೊಳಗಿನ ಬ್ಯಾಕ್ಟೀರಿಯಾಗಳಿಗೂ ಉಸಿರು ಕಟ್ಟುತ್ತದೆ. ಚಿಲ್ಲರಿನ ಪಂಪು ಜೋರಾಗಿ ನೀರು ಚಿಮ್ಮಿಸಬಾರದು. ಕಿವಿರು ಯಾವಾಗಲೂ ಮುಂದಕ್ಕೆ ಬಾಗಿದ್ದರೆ ಹರಿವು ಜಾಸ್ತಿಯಾಗಿದೆ ಅಂತ ಅರ್ಥ ಮಾಡಿಕೊಳ್ಳಿ. ನೀರು ಬೀಳುವ ಬಾಯನ್ನು ಗೋಡೆ ಕಡೆ ತಿರುಗಿಸಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಎರೆಹುಳು ಒಳ್ಳೆಯದು. ಕ್ರಿಮಿನಾಶಕ ಹೊಡೆಯದ ಜಾಗದ್ದಾಗಿರಬೇಕು. ತಿನ್ನದೆ ಬಿಟ್ಟದ್ದನ್ನು ಸ್ವಲ್ಪ ಹೊತ್ತಿಗೇ ದೊಡ್ಡ ಪಿಚಕಾರಿಯಂಥ ಪಿಪೆಟ್ಟಿನಿಂದ ಹೀರಿ ತೆಗೆಯಿರಿ, ಹಿಕ್ಕೆಯನ್ನೂ ಹಾಗೇ. ಈ ಎರಡು ನಿಮಿಷದ ಕೆಲಸ ದಿನಾ ಮಾಡಿದರೆ ದೊಡ್ಡ ತೊಳೆತದ ಯೋಚನೆಯೇ ಬರುವುದಿಲ್ಲ.

ಒಂದು ರಾತ್ರಿ ಟೆಸ್ಟ್ ಮಾಡಿದಾಗ ಕಡು ಹಸಿರು ಬಂತು, ಪಿಎಚ್ ಕೂಡ 8 ಇದೆ, ಏನು ಮಾಡುವುದು? ಪ್ರಾಣಿಯನ್ನು ಒಂದು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ. ನೀರು ಕ್ಲೋರಿನ್ ತೆಗೆದದ್ದು, ಟ್ಯಾಂಕಿನಷ್ಟೇ ತಣ್ಣಗಿರುವುದು. ಮುಚ್ಚಳ ಸ್ವಲ್ಪ ತೆರೆದಿಡಿ, ಹಾರುತ್ತದೆ ಅನ್ನುವಷ್ಟು ಅಲ್ಲ. ಆ ನೀರನ್ನು ದಿನಾ ಪೂರ್ತಿ ಬದಲಿಸಿ. ಟ್ಯಾಂಕಿನ ಸ್ಪಾಂಜ್ ಮುಟ್ಟಬೇಡಿ. ಮರಳಿನಲ್ಲಿ ಎಲ್ಲಾದರೂ ಕೊಳೆತ ಹುಳು ಸಿಕ್ಕಿಕೊಂಡಿದೆಯಾ ಹುಡುಕಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ವಾಪಸ್ ಬಿಡಿ. ಅಂಗಡಿಯವರು ಕೊಡುವ ಮೀನಿನ ಔಷಧಿ, ಅದರಲ್ಲೂ ತಾಮ್ರ ಇರುವುದು, ಹಾಕಲೇಬೇಡಿ.

ಊರಿಗೆ ಹೋಗುವಾಗ ಏನು ಮಾಡಬೇಕು ಅಂತ ಯಾವಾಗಲೂ ಕೇಳುತ್ತಾರೆ. ಆರೋಗ್ಯವಾಗಿರುವ ದೊಡ್ಡ ಆಕ್ಸೊಲಾಟಲ್ ಒಂದು ವಾರ ಊಟ ಇಲ್ಲದೆ ಇರಬಲ್ಲದು. ಪಕ್ಕದ ಮನೆಯವರಿಗೆ ಕೀ ಕೊಡಿ, ಊಟದ ಡಬ್ಬಿ ಮಾತ್ರ ಕೊಡಬೇಡಿ. ಪಾಪ ಹಸಿದಿದೆ ಅಂತ ಪ್ರೀತಿಯಿಂದ ಹಾಕಿಬಿಡುತ್ತಾರೆ. ದಿನಕ್ಕೆರಡು ಸಲ ಥರ್ಮಾಮೀಟರಿನ ಫೋಟೋ ತೆಗೆದು ಕಳಿಸಲಿ. 20 ದಾಟಿದರೆ ನಿಮಗೆ ಫೋನ್ ಮಾಡಲಿ. ಚಿಲ್ಲರಿನ ಸ್ವಿಚ್ ಯಾವುದು ಅಂತ ಹೊರಡುವ ಮೊದಲೇ ಚೀಟಿ ಅಂಟಿಸಿಡಿ.