ನೀರಿನ ಬಾಟಲಿಯಿಂದ ಜ್ವರದ ಮಾತ್ರೆ ಸಾಧ್ಯವೇ?

[ದೃಶ್ಯ: ಧಾರವಾಡದ ಸೋಮೇಶ್ವರ ಗುಡಿ, ಶಾಲ್ಮಲೆಯ ಉಗಮ]

ನಮಸ್ಕಾರ. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ಕಿನಿಂದ ಜ್ವರದ ಮಾತ್ರೆ ತಯಾರಿಸಿದ್ದಾರಂತೆ, ನಿಜವೇ ಎಂದು ಹಾವೇರಿಯ ವೀಕ್ಷಕರೊಬ್ಬರು ಕೇಳಿದ್ದಾರೆ. ಮಾತ್ರೆಯ ಮಾತು ನಿಜ. ಸಮುದ್ರದ ಮಾತು ನಿಜವಲ್ಲ.

2025ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ವಾಲೇಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯಿದು. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕನ್ನು ಒಡೆದರೆ ಟೆರೆಫ್ತಾಲಿಕ್ ಆಮ್ಲ ಸಿಗುತ್ತದೆ. ಅದನ್ನು ರಾಸಾಯನಿಕವಾಗಿ ಮಾರ್ಪಡಿಸಿ ಇ. ಕೋಲಿ ಬ್ಯಾಕ್ಟೀರಿಯಾಗಳಿಗೆ ಉಣಿಸಿದರು. ಬ್ಯಾಕ್ಟೀರಿಯಾಗಳು ಬಾಟಲಿಯನ್ನೇ ತಿನ್ನುವುದಿಲ್ಲ ಎಂಬುದು ನೆನಪಿರಲಿ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಹೆಜ್ಜೆ. ಬ್ಯಾಕ್ಟೀರಿಯಾ ಬೆಳೆಯಲು ಪಾಬಾ ಎಂಬ ವಸ್ತು ಬೇಕೇ ಬೇಕು, ಏಕೆಂದರೆ ಅದರಿಂದಲೇ ಅದು ತನಗೆ ಬೇಕಾದ ಫೋಲೇಟ್ ಎಂಬ ಜೀವಸತ್ವವನ್ನು ಕಟ್ಟಿಕೊಳ್ಳುತ್ತದೆ. 1930ರ ದಶಕದ ಸಲ್ಫಾ ಔಷಧಗಳು ಪಾಬಾದ ವೇಷ ಧರಿಸಿ, ಅದರ ಜಾಗದಲ್ಲಿ ಕುಳಿತು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆದವು. ಎಡಿನ್‌ಬರೋದವರು ಪಾಬಾ ತಯಾರಿಸುವ ಶಕ್ತಿಯನ್ನೇ ಕಳೆದ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡರು. ಬರಗಾಲದಲ್ಲಿ ಹಗೇವು ಬರಿದಾದ ಮನೆಯ ಒಲೆಯಿಂದ ಹೊಗೆಯೆದ್ದರೆ ಒಳಗೆ ಜೋಳ ಬಂದಿದೆಯೆಂದು ಓಣಿಯವರಿಗೆ ತಿಳಿಯುತ್ತದಲ್ಲ, ಹಾಗೆಯೇ ಈ ಹಸಿದ ಬ್ಯಾಕ್ಟೀರಿಯಾ ಬೆಳೆದದ್ದೇ ಬಾಟಲಿಯಿಂದ ಬಂದ ವಸ್ತು ಪಾಬಾ ಆಗಿದೆಯೆಂಬುದಕ್ಕೆ ಸಾಕ್ಷಿಯಾಯಿತು. ಈ ರೂಪಾಂತರಕ್ಕೆ ಲಾಸೆನ್ ಮರುಜೋಡಣೆ ಎಂದು ಹೆಸರು. ಅದು 1872ರಿಂದ ರಸಾಯನಶಾಸ್ತ್ರಜ್ಞರಿಗೆ ಗೊತ್ತಿದ್ದರೂ, ಜೀವಂತ ಕೋಶಗಳ ನಡುವೆ, ಸಾಮಾನ್ಯ ಫಾಸ್ಫೇಟಿನ ನೆರವಿನಿಂದ ನಡೆದದ್ದು ಹೊಸತು.

ಬಳಿಕ ಬಟನ್ ಅಣಬೆಯ ಒಂದು ಜೀನನ್ನೂ ಮಣ್ಣಿನ ಬ್ಯಾಕ್ಟೀರಿಯಾದ ಇನ್ನೊಂದನ್ನೂ ಸೇರಿಸಿದಾಗ ಪಾಬಾ ಪ್ಯಾರಾಸಿಟಮಾಲ್ ಆಯಿತು. ಕೋಣೆಯ ಉಷ್ಣಾಂಶದಲ್ಲಿ, 24 ಗಂಟೆಯೊಳಗೆ, ಶೇ. 92ರವರೆಗೂ ಇಳುವರಿ ಬಂತು. ಆದರೂ ಇದಿನ್ನೂ ಪ್ರಯೋಗಾಲಯದ ಕೆಲಸ. ಔಷಧದ ಅಂಗಡಿಯನ್ನು ಇನ್ನೂ ತಲುಪಿಲ್ಲ.

[ದೃಶ್ಯ: ಬೆಣ್ಣೆಹಳ್ಳ]

ಇನ್ನು ಸಮುದ್ರ. ಪೆಟ್ ಉಪ್ಪುನೀರಿಗಿಂತ ಭಾರವಾದ್ದರಿಂದ ನೀರು ತುಂಬಿದ ಬಾಟಲಿ ಮುಳುಗುತ್ತದೆ, ಅದರ ಮುಚ್ಚಳ ತೇಲುತ್ತದೆ. ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನಿನದು. ತೇಲುವ ಕಸದಲ್ಲಿ ಹೆಚ್ಚಿನ ಪಾಲು ಇವೆರಡೇ, ಇವುಗಳಲ್ಲಿ ಟೆರೆಫ್ತಾಲಿಕ್ ಆಮ್ಲವೇ ಇಲ್ಲ. ಹಾಗಾಗಿ ಔಷಧಕ್ಕೆ ಬೇಕಾದ ಬಾಟಲಿಯನ್ನು ಊರಿನಲ್ಲಿಯೇ ಹಿಡಿಯಬೇಕು. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಈ ಹೊಣೆ ಇಮ್ಮಡಿ ಎಂದು ನಾನು ನಂಬಿದ್ದೇನೆ: ಶಾಲ್ಮಲೆ ಪಶ್ಚಿಮಕ್ಕೆ ಹರಿದು ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತಾಳೆ, ಬೆಣ್ಣೆಹಳ್ಳ ಮಲಪ್ರಭೆಯನ್ನೂ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಲ್ಲಿ ಎಸೆದ ಬಾಟಲಿಗೆ ಎರಡು ಕಡಲಿನ ದಾರಿಯೂ ತೆರೆದಿದೆ.

ಸಮಯ ಕಡಿಮೆಯಿರುವುದರಿಂದ, ದೇಹದೊಳಗಿನ ಪ್ಲಾಸ್ಟಿಕ್ಕಿಗೆ ಚಿಕಿತ್ಸೆಯಿದೆಯೇ ಎಂಬ ಹಾವೇರಿಯ ವೀಕ್ಷಕರ ಇನ್ನೊಂದು ಪ್ರಶ್ನೆಗೆ ಚಿಕ್ಕ ಉತ್ತರ. 2024ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಕುತ್ತಿಗೆಯ ರಕ್ತನಾಳದ ಕೊಬ್ಬಿನ ಪದರವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ 257 ಜನರ ಪೈಕಿ 150 ಜನರ ಪದರದಲ್ಲಿ ಪಾಲಿಎಥಿಲೀನ್ ಸಿಕ್ಕಿತು. ಸುಮಾರು 34 ತಿಂಗಳ ಅವಧಿಯಲ್ಲಿ, ಪ್ಲಾಸ್ಟಿಕ್ ಕಣಗಳಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು 4.5 ಪಟ್ಟು ಹೆಚ್ಚಿತ್ತು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆ ಕಣಗಳನ್ನು ಹೊರತೆಗೆಯುವ ದೃಢಪಟ್ಟ ಚಿಕಿತ್ಸೆ ಸದ್ಯಕ್ಕಿಲ್ಲ; ಅಂಥ ಚಿಕಿತ್ಸೆಯೆಂದು ಹೇಳಿ ಯಾರಾದರೂ ಪುಡಿಯನ್ನೋ ಕಷಾಯವನ್ನೋ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.